ಒಂಬತ್ತು ಹಾಡುಗಳ ಒಂದು ಕೋಣೆ

ಕವನ ಸಂಕಲನವೊಂದು ಕೈಗೆ ಬಂದರೆ ಅದನ್ನು ಮೊದಲ ಪುಟದಿಂದ ಕಡೆಯ ಪುಟದವರೆಗೆ ಕ್ರಮ ತಪ್ಪದೆ ಓದುವವರು ವಿರಳ. ನಡುವೆ ಎಲ್ಲಿಯೋ ತೆರೆದು, ಕಣ್ಣಿಗೆ ಬಿದ್ದ ಕವಿತೆಯೊಂದನ್ನು ಸವಿದು, ಮತ್ತೆ ಹಿಂದಕ್ಕೋ ಮುಂದಕ್ಕೋ ಹಾರುವುದೇ ನಮ್ಮ ವಾಡಿಕೆ. ಕವಿಗಳಿಗೂ ಇದು ತಿಳಿಯದ ವಿಷಯವಲ್ಲ. ಆದರೂ ಯಾವ ಕವಿತೆ ಮೊದಲು ಬರಬೇಕು, ಯಾವುದು ಕೊನೆಗೆ ನಿಲ್ಲಬೇಕು ಎಂದು ಅವರು ನಿದ್ದೆಗೆಡುತ್ತಾರೆ. ಅವರ ಈ ಶ್ರಮ ವ್ಯರ್ಥವಲ್ಲವೆಂಬುದು ನನ್ನ ನಂಬಿಕೆ. ಅದಕ್ಕೆ ನಿದರ್ಶನವನ್ನು ಕಾವ್ಯದಿಂದ ತೆಗೆದುಕೊಳ್ಳದೆ, ಪಾಶ್ಚಾತ್ಯರ ಪಾಪ್ ಸಂಗೀತದಿಂದ ತೆಗೆದುಕೊಳ್ಳಬೇಕೆಂದಿದ್ದೇನೆ. ಆ ಹೆಸರು ಕೇಳಿದೊಡನೆ ಕೆಲವರು ರೇಡಿಯೋದ ಕಿವಿ ಹಿಂಡಲು ಕೈಚಾಚಿರಬಹುದು. ಅವರು ಕೆಲವು ನಿಮಿಷ ತಾಳ್ಮೆ ತಂದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಎಲ್.ಪಿ. ಎಂದು ಕರೆಯುತ್ತಿದ್ದ ಆ ದೊಡ್ಡ ಕಪ್ಪು ತಟ್ಟೆ ನಿಮಗೆ ನೆನಪಿದ್ದೀತು. ನಿಮಿಷಕ್ಕೆ ಮೂವತ್ತಮೂರೂ ಕಾಲರೋ ಮೂವತ್ತಮೂರೂವರೆಯೋ ಎಂದು ಜನ ಜಗಳವಾಡುತ್ತಿದ್ದರು. ವಾಸ್ತವವಾಗಿ ಅದು ಮೂವತ್ತಮೂರು ಮತ್ತು ಮೂರನೆಯ ಒಂದು ಸುತ್ತು. ಒಂದು ಮಗ್ಗುಲಿಗೆ ಸುಮಾರು ಇಪ್ಪತ್ತು ನಿಮಿಷದ ಸಂಗೀತ. ಮುಳ್ಳನ್ನು ಅಂಚಿನಲ್ಲಿ ಇಟ್ಟರೆ ಅದು ತನ್ನ ಪಾಡಿಗೆ ಒಳಮುಖವಾಗಿ ಸಾಗುತ್ತ ನಾಲ್ಕೈದು ಹಾಡುಗಳನ್ನು ಮುಗಿಸುತ್ತಿತ್ತು. ಬೇಡವಾದ ಹಾಡನ್ನು ದಾಟಿಸಬೇಕೆಂದರೆ ಎದ್ದುಹೋಗಿ, ತಟ್ಟೆಗೆ ಗೀರು ಬೀಳದಂತೆ ಉಸಿರು ಬಿಗಿಹಿಡಿದು ಮುಳ್ಳನ್ನು ಎತ್ತಿಡಬೇಕಾಗಿತ್ತು. ಅಷ್ಟು ಕಷ್ಟಕ್ಕೆ ಬದಲು ಆ ಹಾಡನ್ನೂ ಕೇಳಿಬಿಡುವುದು ಲೇಸೆಂದು ಸೋಮಾರಿಗಳು ಕುಳಿತಲ್ಲೇ ಕುಳಿತಿರುತ್ತಿದ್ದರು. ಎಷ್ಟೋ ಹಾಡುಗಳು ನನಗೆ ಪ್ರಿಯವಾದದ್ದು ಈ ಸೋಮಾರಿತನದ ದಯೆಯಿಂದ.

1980ರ ದಶಕದ ಮೊದಲ ವರ್ಷಗಳ ಆಲ್ಬಮ್‌ಗಳಲ್ಲಿ ನಾನು ಪದೇ ಪದೇ ಕೇಳುವವು ಮೂರು. ಒಂದು, 1981ರ 'ಡಿಸ್ಕೋ ದೀವಾನೆ'. ಪಾಕಿಸ್ತಾನದ ಎಳೆಯ ಗಾಯಕಿ ನಾಜಿಯಾ ಹಸನ್ ತಮ್ಮ ಸೋದರ ಜೋಹೆಬ್ ಜೊತೆಯಲ್ಲಿ ಹಾಡಿದ್ದು. ಅದನ್ನು ಸಿದ್ಧಪಡಿಸಿದ ಬಿದ್ದು ಅವರು ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. ಇಂಗ್ಲೆಂಡಿಗೆ ಹೋಗಿ, 1974ರಲ್ಲಿ 'ಕುಂಗ್ ಫೂ ಫೈಟಿಂಗ್' ಹಾಡಿನಿಂದ ಜಗತ್ತನ್ನೇ ಕುಣಿಸಿದವರು. ಚಿತ್ರಗೀತೆಯಲ್ಲದ ಪಾಪ್ ಹಾಡಿಗೂ ಈ ದೇಶದಲ್ಲಿ ಅಂಗಡಿಯ ಮುಂದೆ ಜನ ನಿಲ್ಲುತ್ತಾರೆಂದು ತೋರಿಸಿದ ತಟ್ಟೆ ಅದು. ಎರಡನೆಯದು 1982ರ ಕೊನೆಯಲ್ಲಿ ಬಂದ ಮೈಕೆಲ್ ಜಾಕ್ಸನ್ನರ 'ಥ್ರಿಲ್ಲರ್'. ಅದರ ಒಂಬತ್ತು ಹಾಡುಗಳಲ್ಲಿ ಏಳು ಬಿಡಿಯಾಗಿ ಬೇರೆ ಪ್ರಕಟವಾದವು. ಏಳೂ ಗೆದ್ದವು. ಇವೆರಡನ್ನೂ ನಾನು ಮೆಚ್ಚುತ್ತೇನೆ. ಆದರೆ ಇವು ಒಳ್ಳೆಯ ಸಂತೆಯಂತೆ. ಯಾವ ಕಡೆಯಿಂದ ಹೊಕ್ಕರೂ ಕೈತುಂಬ ಸಾಮಾನು ಸಿಗುತ್ತದೆ. 'ಬಿಲ್ಲಿ ಜೀನ್' ಹಾಡನ್ನು ಮೊದಲು ಕೇಳಿದರೂ ಕೊನೆಗೆ ಕೇಳಿದರೂ ಅದರ ತೂಕ ಗುಲಗಂಜಿಯಷ್ಟೂ ವ್ಯತ್ಯಾಸವಾಗದು.

ಮೂರನೆಯದು ಹಾಗಲ್ಲ. ಅದು ಸ್ವೀಡನ್ನಿನ 'ಅಬ್ಬಾ' ಮೇಳ 1981ರ ನವೆಂಬರ್ 30ರಂದು ಹೊರತಂದ 'ದಿ ವಿಸಿಟರ್ಸ್', ಎಂದರೆ ಮನೆಗೆ ಬಂದವರು. ಮೇಳದ ಹೆಸರು ನಮ್ಮ ಕಿವಿಗೆ ಉದ್ಗಾರದಂತೆ ಕೇಳಿಸಿದರೂ ಅದು ನಾಲ್ವರ ಹೆಸರಿನ ಮೊದಲ ಅಕ್ಷರಗಳ ಜೋಡಣೆ: ಆನ್ಯೆತಾ, ಬ್ಯೋರ್ನ್, ಬೆನ್ನಿ, ಆನಿ-ಫ್ರಿಡ್. ಗಂಡಸರಿಬ್ಬರು ಹಾಡು ಕಟ್ಟುವವರು, ಹೆಂಗಸರಿಬ್ಬರು ಹಾಡುವವರು. ಆನ್ಯೆತಾ ಮತ್ತು ಬ್ಯೋರ್ನ್ 1971ರಲ್ಲಿ ಮದುವೆಯಾದವರು. ಬೆನ್ನಿ ಮತ್ತು ಫ್ರಿಡಾ ಬಹುಕಾಲ ಒಟ್ಟಿಗಿದ್ದು 1978ರಲ್ಲಿ ಮದುವೆಯಾದವರು. 1974ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ನಡೆದ ಯೂರೋಪಿನ ಗೀತಸ್ಪರ್ಧೆಯಲ್ಲಿ ಗೆದ್ದ ಮೇಲೆ ಲೋಕ ಇವರನ್ನು ನಗುನಗುವ ಎರಡು ಜೋಡಿಗಳೆಂದೇ ತಿಳಿದಿತ್ತು. 1979ರ ಆರಂಭದಲ್ಲಿ ಮೊದಲ ಜೋಡಿ ಬೇರೆಯಾಗುವ ಸುದ್ದಿ ಬಂತು. 1981ರ ಫೆಬ್ರವರಿಯಲ್ಲಿ ಎರಡನೆಯದು. ಸಂಸಾರ ಮುರಿದವರು ಮತ್ತೆ ಮಾರನೆಯ ತಿಂಗಳೇ ಸ್ಟಾಕ್‌ಹೋಮಿನ ತಮ್ಮ ಪೋಲಾರ್ ಸ್ಟುಡಿಯೋದಲ್ಲಿ ಸೇರಿ ಈ ಆಲ್ಬಮ್ಮಿನ ಕೆಲಸಕ್ಕೆ ಕುಳಿತರು.

ತಟ್ಟೆಯ ಮೇಲುಹೊದಿಕೆಯನ್ನು ಮೊದಲು ನೋಡಬೇಕು. ಸ್ಟಾಕ್‌ಹೋಮಿನ ಸ್ಕಾನ್ಸೆನ್ ಬಯಲು ವಸ್ತುಸಂಗ್ರಹಾಲಯದಲ್ಲಿ ಯೂಲಿಯಸ್ ಕ್ರೋನ್‌ಬೆರ್ಗ್ ಎಂಬ ಹಳೆಯ ಚಿತ್ರಕಾರನ ಕಲಾಶಾಲೆಯನ್ನು ಉಳಿಸಿಕೊಂಡಿದ್ದಾರೆ. ಅಲ್ಲಿ ತೆಗೆದ ಚಿತ್ರ. ಮಬ್ಬು ಬೆಳಕಿನ ಕೋಣೆ. ಹಿಂದೆ ರೆಕ್ಕೆಯುಳ್ಳ ಪ್ರೇಮದೇವತೆ ಈರೋಸನ ದೊಡ್ಡ ಚಿತ್ರಪಟ. ನಾಲ್ವರೂ ಒಂದೊಂದು ಕಡೆ, ಒಬ್ಬರನ್ನೊಬ್ಬರು ನೋಡದೆ ಇದ್ದಾರೆ. ಈ ಕೋಣೆಯನ್ನು ನೆನಪಿಟ್ಟುಕೊಳ್ಳಿ.

ಮೊದಲನೆಯದು ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡೇ. ಸಿಂಥಸೈಜರಿನ ಒಂದು ಗುಂಯ್ ಎನ್ನುವ ನಾದ ತಂಬೂರಿಯ ಶ್ರುತಿಯಂತೆ ಹಿಡಿದು ನಿಲ್ಲುತ್ತದೆ. ಅದರ ಮೇಲೆ ಫ್ರಿಡಾ ಅವರ ದನಿ, ಯಂತ್ರದಿಂದ ಹಾಯ್ದು ಸೊರಗಿ, ದೂರದ ಸುರಂಗದಿಂದ ಬರುವಂತೆ ಕೇಳಿಸುತ್ತದೆ. ನಮ್ಮ ಕಿವಿ ಇದನ್ನು ಆಲಾಪನೆಯೆಂದು ಭ್ರಮಿಸಿ ಒಂದು ಕ್ಷಣ ನೆಮ್ಮದಿಯಾಗುತ್ತದೆ. ಮಾತು ಅರ್ಥವಾದ ಮೇಲೆ ಆ ನೆಮ್ಮದಿ ಉಳಿಯುವುದಿಲ್ಲ. ಒಂದು ಕೋಣೆ, ಅಲ್ಲಿ ಗೆಳೆಯರು ಗುಟ್ಟಾಗಿ ಸೇರಿ, ದನಿ ತಗ್ಗಿಸಿ ಮಾತನಾಡುತ್ತಿದ್ದರು. ಈಗ ಒಬ್ಬಳೇ ಇದ್ದಾಳೆ. ಬಾಗಿಲ ಗಂಟೆ ಬಾರಿಸುತ್ತದೆ. ಹೊರಗೆ ಹೆಜ್ಜೆಯ ಸಪ್ಪಳ. ಪರಿಚಿತವಾದ ಪುಸ್ತಕ, ಪಟ, ಮೇಜು ಕುರ್ಚಿಗಳನ್ನು ನೋಡುತ್ತ ಧೈರ್ಯ ತಂದುಕೊಳ್ಳುತ್ತಾಳೆ, ಬುದ್ಧಿ ಕೈಬಿಡುತ್ತಿರುತ್ತದೆ. ಪಲ್ಲವಿ ಬಂದಾಗ ಕುಣಿತದ ತಾಳ ಸಿಡಿಯುತ್ತದೆ, ಆ ಹೆದರಿಕೆಯನ್ನೇ ಕುಣಿಸುತ್ತದೆ. ಸೋವಿಯತ್ ದೇಶದಲ್ಲಿ ಸರಕಾರವನ್ನು ವಿರೋಧಿಸಿದವರ ಪಾಡು ಇದರ ವಸ್ತುವೆಂದು ಬ್ಯೋರ್ನ್ ಆಮೇಲೆ ತಿಳಿಸಿದರು. ತಟ್ಟೆ ಅಂಗಡಿಗೆ ಬಂದು ಎರಡು ವಾರವಾಗುವಷ್ಟರಲ್ಲಿ, ಡಿಸೆಂಬರ್ 13ರಂದು, ಪೋಲೆಂಡಿನಲ್ಲಿ ಸೇನಾ ಶಾಸನ ಜಾರಿಯಾಯಿತು. ರಾತ್ರೋರಾತ್ರಿ ಸಾವಿರಾರು ಮನೆಗಳ ಬಾಗಿಲು ಬಡಿಯಿತು.

ಬಾಗಿಲಿನ ಆ ಸದ್ದು ನಮಗೂ ಅಪರಿಚಿತವಲ್ಲ. 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯ ಕಾಲವನ್ನು ಕಂಡವರು ಇದನ್ನು ಬರಿಯ ಪಾಪ್ ಹಾಡೆಂದು ಕೇಳಲಾರರು. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ನಮಗೆ ಪರಿಚಿತರಾದ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಉಬ್ಬಸದಿಂದ ನರಳಿ, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಹಾಡು ಕೇಳುವಾಗ ನನಗೆ ನೆನಪಾಗುವುದು ಮಾಸ್ಕೋ ಅಲ್ಲ.

ಹಾಡಿದಾಕೆಯ ಬಾಳನ್ನೂ ಇಲ್ಲಿ ಒಂದು ಮಾತಿನಲ್ಲಿ ಹೇಳಬೇಕು. ಫ್ರಿಡಾ 1945ರಲ್ಲಿ ನಾರ್ವೆಯಲ್ಲಿ, ಆ ದೇಶವನ್ನು ಆಕ್ರಮಿಸಿದ್ದ ಜರ್ಮನ್ ಸೇನೆಯ ಸೈನಿಕನೊಬ್ಬನಿಗೆ ಹುಟ್ಟಿದವರು. ಅಂಥ ಮಕ್ಕಳನ್ನೂ ಅವರ ತಾಯಂದಿರನ್ನೂ ಊರವರು ನೋಡುತ್ತಿದ್ದ ನೋಟಕ್ಕೆ ಅಂಜಿ ಅಜ್ಜಿ ಮಗುವನ್ನು ಎತ್ತಿಕೊಂಡು ಸ್ವೀಡನ್ನಿಗೆ ಬಂದಳು. ತಾಯಿಯೂ ಎಳೆಯ ವಯಸ್ಸಿನಲ್ಲೇ ತೀರಿಕೊಂಡಳು. ಹಾಡಿಗೂ ಇದಕ್ಕೂ ಗಂಟು ಹಾಕುವುದು ವಿಮರ್ಶೆಯ ನ್ಯಾಯವಲ್ಲವೆಂದು ನಾನು ಬಲ್ಲೆ. ಆದರೆ ಮನೆಯ ಬಾಗಿಲಿಗೆ ಬರುವ ಹೊರಗಿನವರ ಭಯವನ್ನು ಹಾಡಲು ಈ ಕಂಠಕ್ಕಿಂತ ತಕ್ಕದ್ದು ಆ ಮೇಳದಲ್ಲಿ ಇರಲಿಲ್ಲ.

ಎರಡನೆಯ ಹಾಡು 'ಹೆಡ್ ಓವರ್ ಹೀಲ್ಸ್'. ಊರೆಲ್ಲ ಓಡಾಡುವ, ದಣಿದ ಗಂಡನನ್ನು ಹಿಂದೆ ಎಳೆದುಕೊಂಡು ಹೋಗುವ ಸಿರಿವಂತ ಹೆಣ್ಣಿನ ತಮಾಷೆ. ಈ ತಟ್ಟೆಯಲ್ಲಿ ನನಗೆ ರುಚಿಸದ ಹಾಡು ಇದೊಂದೇ, ಮುಂದಕ್ಕೆ ಹೋಗೋಣ.

ಮೂರನೆಯದು 'ವೆನ್ ಆಲ್ ಈಸ್ ಸೆಡ್ ಅಂಡ್ ಡನ್'. ಬೆನ್ನಿ ಮತ್ತು ಫ್ರಿಡಾ ಬೇರೆಯಾಗುವುದು ಪ್ರಕಟವಾದ ಮರುತಿಂಗಳು, 1981ರ ಮಾರ್ಚಿಯಲ್ಲಿ ಇದರ ಮುದ್ರಣ ಮೊದಲಾಯಿತು. ಮಾತು ಬ್ಯೋರ್ನ್ ಅವರದು, ಹಾಡಿದವರು ಫ್ರಿಡಾ, ಪಿಯಾನೋದ ಮುಂದೆ ಕುಳಿತವರು ಬೆನ್ನಿ. ಇಬ್ಬರು ದೂರು ಹೇಳದೆ, ನಡುವಯಸ್ಸಿನ ನಿಲುವಿನಿಂದ, ಒಂದು ಬಟ್ಟಲು ಎತ್ತಿ ಬೀಳ್ಕೊಡುವುದು ಹಾಡಿನ ವಸ್ತು. ತಾಳ ಎಲ್ಲಿಯೂ ಎಡವುವುದಿಲ್ಲ. ನಿಮ್ಮಿಂದ ಅಗಲುತ್ತಿರುವ ಗಂಡ ವಾದ್ಯ ನುಡಿಸುತ್ತಿರುವಾಗ ಅಗಲಿಕೆಯ ಹಾಡನ್ನು ಶ್ರುತಿ ತಪ್ಪದಂತೆ ಹಾಡಬೇಕು. ಸರಿಬರದಿದ್ದರೆ ಮತ್ತೆ ಹಾಡಬೇಕು. ಕಲಾವಿದರ ವೃತ್ತಿಧರ್ಮದ ಬಗ್ಗೆ ನಾವು ಸಭೆಗಳಲ್ಲಿ ಆಡುವ ದೊಡ್ಡ ಮಾತುಗಳು ನನಗೆ ಇದನ್ನು ಕೇಳುವಾಗ ತೀರ ತೆಳುವಾಗಿ ಕಾಣುತ್ತವೆ.

ಮೊದಲ ಮಗ್ಗುಲಿನ ಕೊನೆಗೆ 'ಸೋಲ್ಜರ್ಸ್'. ದೂರದ ಗುಡುಗಿನಂತೆ ಯುದ್ಧದ ಸದ್ದು ಕೇಳುತ್ತಿದೆ, ಅದನ್ನು ಮರೆಯಲು ಜನ ಹಾಡುತ್ತಿದ್ದಾರೆ. ಆ ಅಕ್ಟೋಬರ್ 27ರಂದು ಸ್ವೀಡನ್ನಿನ ಕಾರ್ಲ್ಸ್‌ಕ್ರೋನಾ ನೌಕಾನೆಲೆಯ ಹತ್ತಿರ ಸೋವಿಯತ್ ಜಲಾಂತರ್ಗಾಮಿಯೊಂದು ಬಂಡೆಗೆ ಸಿಕ್ಕಿಕೊಂಡು, ಕರೆಯದ ಅತಿಥಿಯಾಗಿ, ಹತ್ತು ದಿನ ಕುಳಿತಿತ್ತು. ಹಾಡು ಅದನ್ನು ಕುರಿತದ್ದಲ್ಲ. ಆದರೆ ಒಂದು ತಿಂಗಳ ತರುವಾಯ ಈ ತಟ್ಟೆಯನ್ನು ಕೊಂಡ ಸ್ವೀಡನ್ನಿನ ಮನೆಗಳಲ್ಲಿ ಆ ಗುಡುಗು ಬರಿಯ ರೂಪಕವಾಗಿ ಕೇಳಿಸಿರಲಾರದು.

ಈಗ ಎದ್ದು ತಟ್ಟೆಯನ್ನು ಮಗುಚಬೇಕು. ಈ ಏಳುವ ಕ್ಷಣವೂ ರಚನೆಯ ಒಂದು ಭಾಗ. ನಾಟಕದ ನಡುವಣ ಪರದೆಯ ಹಾಗೆ. ಮೊದಲ ಮಗ್ಗುಲಿನಲ್ಲಿ ಲೋಕದ ಭಯ ಬಾಗಿಲಿನವರೆಗೆ ಬಂದು ನಿಂತಿತ್ತು. ಎರಡನೆಯದರಲ್ಲಿ ಭಯ ಮನೆಯ ಒಳಗಿನದು.

ಐದನೆಯದು 'ಐ ಲೆಟ್ ದಿ ಮ್ಯೂಸಿಕ್ ಸ್ಪೀಕ್', ರಂಗಗೀತೆಯ ಧಾಟಿಯದು. ಬ್ಯೋರ್ನ್ ಮತ್ತು ಬೆನ್ನಿ ಮುಂದೆ ಟಿಮ್ ರೈಸ್ ಜೊತೆ ಕೂಡಿ 'ಚೆಸ್' ಎಂಬ ಗೀತನಾಟಕ ಬರೆದರು. ಅದು 1986ರಲ್ಲಿ ಲಂಡನ್ನಿನ ರಂಗಕ್ಕೆ ಬಂತು. ಆ ದಾರಿಯ ಮೊದಲ ಹೆಜ್ಜೆ ಇಲ್ಲಿ ಕಾಣುತ್ತದೆ. ಆರನೆಯದು 'ಒನ್ ಆಫ್ ಅಸ್'. ಇದು ಬಿಡಿಯಾಗಿಯೂ ಪ್ರಸಿದ್ಧ, ಆನ್ಯೆತಾ ಅವರ ಕಂಠದ್ದು. ಮ್ಯಾಂಡೊಲಿನ್ನಿನ ಗುಂಗಿನಲ್ಲಿ, ಇರುಳಲ್ಲಿ ಒಬ್ಬಳೇ ಮಲಗಿ ಬಿಟ್ಟುಬಂದವನನ್ನು ನೆನೆಯುವ ಹೆಣ್ಣು. ಇದಕ್ಕೆ ತೆಗೆದ ಚಿತ್ರದಲ್ಲಿ ಆಕೆ ಹೊಸ ಮನೆಗೆ ಒಬ್ಬಳೇ ಸಾಮಾನು ಸಾಗಿಸಿ ಜೋಡಿಸುತ್ತಿರುತ್ತಾಳೆ. ಮತ್ತೆ ಒಂದು ಕೋಣೆ.

ಏಳನೆಯದನ್ನು ಬಹಳ ಮಂದಿ ಹೀಯಾಳಿಸಿದ್ದಾರೆ. ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ ಗುಡಿಸುವ ಒಂಟಿ ಗಂಡಸೊಬ್ಬ ಪತ್ರಿಕೆಯಲ್ಲಿ ಒಂದು ಜಾಹೀರಾತು ನೋಡುತ್ತಾನೆ: ಒಬ್ಬರ ಬೆಲೆಗೆ ಇಬ್ಬರು. ಆಸೆಯಿಂದ ಫೋನು ಮಾಡಿದರೆ ಎರಡನೆಯವಳು ಆ ಹೆಣ್ಣಿನ ತಾಯಿ! ಬ್ಯೋರ್ನ್ ತಾವೇ ಹಾಡಿದ್ದಾರೆ. ಕೊನೆಗೆ ಬ್ಯಾಂಡಿನ ಮೆರವಣಿಗೆ ಹೊರಡುತ್ತದೆ. ಶೋಕದ ನಡುವೆ ವಿದೂಷಕನನ್ನು ತಂದು ನಿಲ್ಲಿಸುವ ಪದ್ಧತಿ ನಮ್ಮ ನಾಟಕಗಳಿಗೆ ಹೊಸದಲ್ಲ. ಬಯಲಾಟದ ಸಾರಥಿ ರಾಜನ ದುಃಖದ ನಡುವೆಯೂ ತನ್ನ ಮಾತು ಆಡಿಯೇ ತೀರುತ್ತಾನೆ. ಈ ಬ್ಯಾಂಡಿನ ಸದ್ದು ಅಡಗಿದ ಮೇಲೆ ಎಂಟನೆಯ ಹಾಡು ತೊಡಗುವುದರಿಂದಲೇ ಎಂಟನೆಯದು ಅಷ್ಟು ಹಠಾತ್ತಾಗಿ ಎದೆಗೆ ತಾಗುತ್ತದೆ.

ಅದು 'ಸ್ಲಿಪಿಂಗ್ ಥ್ರೂ ಮೈ ಫಿಂಗರ್ಸ್'. ಬೆಳಗಿನ ಹೊತ್ತು, ಪುಟ್ಟ ಮಗಳು ಶಾಲೆಯ ಚೀಲ ಹಿಡಿದು ಹೊರಡುತ್ತಾಳೆ, ಕೈಬೀಸುತ್ತಾಳೆ. ತಾಯಿ ಒಳಗೆ ನಿಂತು ನೋಡುತ್ತಾಳೆ. ಮಗು ತನ್ನ ಕೈಯಿಂದ ದಿನದಿನಕ್ಕೆ ಜಾರಿಹೋಗುತ್ತಿದೆ, ಒಟ್ಟಿಗೆ ಹೋಗಬೇಕೆಂದಿದ್ದ ಕಡೆಗೆಲ್ಲ ಹೋಗಲಿಲ್ಲ. ಆ ಮಗು ಕಲ್ಪನೆಯದಲ್ಲ. ಆನ್ಯೆತಾ ಮತ್ತು ಬ್ಯೋರ್ನ್ ಅವರ ಮಗಳು ಲಿಂಡಾ 1973ರಲ್ಲಿ ಹುಟ್ಟಿದವಳು, ಆಗ ಎಂಟು ವರ್ಷದವಳು. ಅವಳು ಶಾಲೆಗೆ ಹೋಗುವುದನ್ನು ಕಂಡು ಹಾಡು ಬರೆದವರು ತಂದೆ. ಹಾಡಿದವರು ತಾಯಿ. ಬರೆಯುವ ಹೊತ್ತಿಗೆ ತಂದೆತಾಯಿ ಒಂದೇ ಮನೆಯಲ್ಲಿ ಇರಲಿಲ್ಲ.

ಇಲ್ಲಿ ನನ್ನನ್ನು ಕಾಡುವ ಪ್ರಶ್ನೆಯೊಂದಿದೆ. ಬೇಂದ್ರೆಯವರು ಮಗುವಿನ ಸಾವನ್ನು ಕುರಿತು ಬರೆದ ಕವಿತೆಯನ್ನು ನೀವೆಲ್ಲ ಬಲ್ಲಿರಿ. ಅಲ್ಲಿ ತಂದೆ ತನ್ನ ದನಿಯಲ್ಲೇ ಮಡದಿಯೊಡನೆ ಮಾತನಾಡುತ್ತಾನೆ. ಅವಳ ನೋಟವನ್ನು ಎದುರಿಸಲಾರೆನೆಂಬ ತನ್ನ ಸಂಕಟವನ್ನು ತನ್ನದೆಂದೇ ಹೇಳುತ್ತಾನೆ. ಬ್ಯೋರ್ನ್ ಮಾಡಿದ್ದು ಬೇರೆ. ತನ್ನ ಹಳಹಳಿಕೆಯನ್ನು ತಾಯಿಯ ಹಳಹಳಿಕೆಯಾಗಿ ಬರೆದು, ಆ ತಾಯಿಯ ಕೈಗೇ ಕೊಟ್ಟು ಹಾಡಿಸಿದರು. ಪ್ರವಾಸಗಳಿಗಾಗಿ ಮಗುವನ್ನು ಬಿಟ್ಟುಹೋಗುವುದು ಆನ್ಯೆತಾ ಅವರಿಗೆ ಎಂದೂ ಒಗ್ಗಿರಲಿಲ್ಲವೆಂಬುದು ಬಲ್ಲ ಸಂಗತಿ. ಹಾಗಿರುವಾಗ ಮಗುವಿನೊಡನೆ ಕಳೆಯದ ದಿನಗಳ ಲೆಕ್ಕವನ್ನು ಆಕೆಯ ಬಾಯಿಂದ ಹೇಳಿಸುವುದು ಕ್ರೌರ್ಯವಲ್ಲವೆ? ಹೆಣ್ಣಿನ ದನಿಯಲ್ಲಿ ಹಾಡು ಬರೆಯುವ ಗಂಡು ಕವಿಗಳು ನಮ್ಮಲ್ಲೂ ಬೇಕಾದಷ್ಟಿದ್ದಾರೆ. ಆದರೆ ಅವರ ನಾಯಕಿಯರು ಎದುರಿಗೆ ನಿಂತು ಅದನ್ನು ಹಾಡಬೇಕಾಗಿ ಬರುವುದಿಲ್ಲ.

ಬಹುಕಾಲ ನನ್ನ ಒಲವು ಕ್ರೌರ್ಯವೆಂಬ ಕಡೆಗೇ ಇತ್ತು. ಈಗಲೂ ಅದನ್ನು ಪೂರ್ತಿ ಬಿಟ್ಟುಕೊಡಲಾರೆ. ಆದರೆ ಹಾಡನ್ನು ಕಿವಿಗೊಟ್ಟು ಕೇಳಿ. ಆನ್ಯೆತಾ ಅಳುವಿನ ಕಂಠದಲ್ಲಿ ಹಾಡುವುದಿಲ್ಲ. ಇನ್ನೊಬ್ಬರು ಬರೆದ ಪತ್ರವನ್ನು ತನ್ನದೆಂದು ಗುರುತಿಸಿ ಓದುವವಳಂತೆ, ನಿಚ್ಚಳವಾಗಿ, ಒಂದೊಂದು ಮಾತನ್ನೂ ಇಟ್ಟು ಇಟ್ಟು ಹಾಡುತ್ತಾರೆ. ಕೊನೆಯಲ್ಲಿ ಮೊದಲ ಸಾಲುಗಳೇ ಮರಳಿ ಬಂದು ಮಗು ಮತ್ತೆ ಚೀಲ ಹಿಡಿದು ಹೊರಡುತ್ತದೆ. ಗಂಡ ಹೆಂಡಿರಾಗಿ ಮಾತು ಮುಗಿದವರಿಗೆ ತಂದೆ ತಾಯಿಯರಾಗಿ ಆಡಲು ಉಳಿದಿದ್ದ ಮಾತು ಬಹುಶಃ ಇದೊಂದೇ. ಅದನ್ನು ಒಬ್ಬರು ಬರೆದರು, ಒಬ್ಬರು ಹಾಡಿದರು.

ಇದೇ ಹಾಡು 'ಮಮ್ಮಾ ಮಿಯಾ' ಗೀತನಾಟಕದಲ್ಲಿ, 2008ರ ಚಲನಚಿತ್ರದಲ್ಲೂ ಬರುತ್ತದೆ. ಅಲ್ಲಿ ಮದುವಣಗಿತ್ತಿಯಾದ ಮಗಳನ್ನು ಸಿಂಗರಿಸುತ್ತ ತಾಯಿಯ ಪಾತ್ರದ ಮೆರಿಲ್ ಸ್ಟ್ರೀಪ್ ಇದನ್ನು ಹಾಡುತ್ತಾರೆ. ಹೆಣ್ಣು ಒಪ್ಪಿಸಿಕೊಡುವ ಹಾಡುಗಳನ್ನು ಕೇಳಿ ಬೆಳೆದ ನಮಗೆ ಆ ಸನ್ನಿವೇಶ ಕೂಡಲೇ ಹಿಡಿಸುತ್ತದೆ, ಕಣ್ಣು ತೇವವಾಗುತ್ತದೆ. ಆದರೆ ಅದು ಶುಭಸಮಾರಂಭದ ಕಣ್ಣೀರು. ಸುತ್ತ ನೆಂಟರಿದ್ದಾರೆ, ಮುಂದೆ ಊಟವಿದೆ. ಆಲ್ಬಮ್ಮಿನಲ್ಲಿ ಈ ಹಾಡಿನ ಮುಂದೆ ಇರುವುದು ಒಂಬತ್ತನೆಯ ಹಾಡು.

'ಲೈಕ್ ಆನ್ ಏಂಜೆಲ್ ಪಾಸಿಂಗ್ ಥ್ರೂ ಮೈ ರೂಮ್'. ಒಂದು ಗಡಿಯಾರ ಟಿಕ್ ಟಿಕ್ ಎನ್ನುತ್ತದೆ. ಆಟಿಕೆಯ ಪೆಟ್ಟಿಗೆಯಿಂದ ಬರುವಂಥ ಸಣ್ಣ ನಾದ. ತಾಳವಾದ್ಯವಿಲ್ಲ. ಬೆಂಕಿ ಆರುತ್ತಿರುವ ಕೋಣೆಯಲ್ಲಿ ಒಬ್ಬಳು ಕುಳಿತಿದ್ದಾಳೆ; ನೆನಪೊಂದು ದೇವತೆಯಂತೆ ಕೋಣೆಯನ್ನು ಹಾದುಹೋಗುತ್ತದೆ. ಹಾಡುವವರು ಫ್ರಿಡಾ ಒಬ್ಬರೇ. ಈ 'ಒಬ್ಬರೇ' ಎಂಬುದರ ಅರ್ಥ ಹಿಂದಿನ ಎಂಟು ಹಾಡುಗಳನ್ನು ಕೇಳದವರಿಗೆ ತಿಳಿಯದು. ಅಬ್ಬಾ ಮೇಳದ ನಾದದ ಗುಟ್ಟೇ ಎರಡು ಹೆಣ್ಣು ಕಂಠಗಳು. ಅವರ ಶಬ್ದತಜ್ಞ ಮೈಕೆಲ್ ಟ್ರೆಟೊವ್ ಆ ಕಂಠಗಳನ್ನು ಪದರದ ಮೇಲೆ ಪದರವಾಗಿ ಹಾಸಿ ಗೋಡೆಯಂತೆ ಎಬ್ಬಿಸುತ್ತಿದ್ದರು. ಆ ಗೋಡೆ ಇಲ್ಲಿ ಇಲ್ಲ. ಜೊತೆಗಾತಿ ಬಂದು ಸೇರುತ್ತಾಳೆಂದು ನಮ್ಮ ಕಿವಿ ಪಲ್ಲವಿಯಿಂದ ಪಲ್ಲವಿಗೆ ಕಾಯುತ್ತದೆ; ಬರುವುದಿಲ್ಲ. ಮೊದಲ ಹಾಡಿನ ಕೋಣೆಯಲ್ಲಿ ಯಾರೂ ಬಾರದಿರಲಿ ಎಂದು ನಡುಗುತ್ತಿದ್ದ ದನಿಯೇ ಈ ಕೊನೆಯ ಕೋಣೆಯಲ್ಲೂ ಇರುವುದು. ಇಲ್ಲಿ ಬಾಗಿಲ ಗಂಟೆ ಬಾರಿಸುವವರು ಯಾರೂ ಇಲ್ಲ. ಹೊದಿಕೆಯ ಚಿತ್ರದ ರೆಕ್ಕೆಯುಳ್ಳ ದೇವತೆಯನ್ನು ಇನ್ನೊಮ್ಮೆ ನೋಡಬೇಕೆನ್ನಿಸುವುದು ಆಗ.

ಈ ಹಾಡು ಒಮ್ಮೆಗೆ ಸಿದ್ಧಿಸಿದ್ದಲ್ಲ. 2012ರಲ್ಲಿ ಹೊರಬಂದ ಆವೃತ್ತಿಯಲ್ಲಿ ಅದರ ಹಳೆಯ ಕರಡುಗಳನ್ನು ಸೇರಿಸಿದ್ದಾರೆ. ಕವಿಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಓದುವ ಕುತೂಹಲ ಉಳ್ಳವರು ಅವನ್ನು ಕೇಳಬೇಕು. ಬೇರೆ ಬೇರೆ ಉಡುಪು ತೊಡಿಸಿ, ಒಂದೊಂದನ್ನೇ ಕಳಚುತ್ತ, ಕೊನೆಗೆ ಒಂದು ಕಂಠವನ್ನೂ ಗಡಿಯಾರವನ್ನೂ ಉಳಿಸಿಕೊಂಡ ದಾರಿ ಅಲ್ಲಿದೆ.

ವಿಚಿತ್ರವೆಂದರೆ ಕ್ರಮವನ್ನು ಇಷ್ಟು ನೆಚ್ಚಿದ ಈ ಆಲ್ಬಮ್ಮೇ ಕ್ರಮವನ್ನು ಮುರಿಯುವ ಯಂತ್ರಕ್ಕೆ ಮೊದಲ ಆಹುತಿಯಾಯಿತು. 1982ರ ಆಗಸ್ಟ್ 17ರಂದು ಜರ್ಮನಿಯ ಹ್ಯಾನೋವರ್ ಬಳಿಯ ಲಾಂಗೆನ್‌ಹಾಗೆನ್ ಕಾರ್ಖಾನೆಯಲ್ಲಿ ಕಾಂಪ್ಯಾಕ್ಟ್ ಡಿಸ್ಕುಗಳ ತಯಾರಿಕೆ ಮೊದಲಾದಾಗ, ಅಚ್ಚಾದ ಮೊದಲ ಪಾಪ್ ಸಂಗೀತ 'ದಿ ವಿಸಿಟರ್ಸ್'. ಆ ಬೆಳ್ಳಿಯ ಬಿಲ್ಲೆಗೆ ಎರಡು ಮಗ್ಗುಲಿಲ್ಲ, ಮಗುಚಲು ಏಳಬೇಕಾಗಿಲ್ಲ. ಗುಂಡಿಯೊತ್ತಿದರೆ ಬೇಡದ ಹಾಡು ಮಾಯ. ಈಗ ಜೇಬಿನಲ್ಲಿರುವ ಫೋನು ಹಾಡುಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಿ ಕೊಡುತ್ತದೆ. ಸಾಲದುದಕ್ಕೆ ನಂತರದ ಸಿ.ಡಿ.ಗಳಲ್ಲಿ ಒಂಬತ್ತರ ಬಾಲಕ್ಕೆ ಆ ಕಾಲದ ಬೇರೆ ಹಾಡುಗಳನ್ನೂ ಉದಾರವಾಗಿ ಕಟ್ಟಿದ್ದಾರೆ. ಗಡಿಯಾರದ ಸದ್ದು ಅಡಗಿ ಕೋಣೆ ಖಾಲಿಯಾಗುತ್ತಿದ್ದಂತೆ ಇನ್ನಾವುದೋ ಮೇಳ ದಬದಬನೆ ಒಳನುಗ್ಗುತ್ತದೆ. ಆ ಹೆಚ್ಚುವರಿ ಹಾಡುಗಳಲ್ಲಿ 1982ರ 'ದಿ ಡೇ ಬಿಫೋರ್ ಯೂ ಕೇಮ್' ಕೂಡ ಇದೆ. ಏನೂ ನಡೆಯದ ಒಂದು ದಿನದ ವಿವರಗಳನ್ನು ಪಟ್ಟಿಮಾಡಿಯೇ ಮೈ ನಡುಗಿಸುವ ಅಸಾಮಾನ್ಯ ರಚನೆ ಅದು. ಆದರೆ ಅದರ ಜಾಗ ಅಲ್ಲಲ್ಲ. ಒಂಬತ್ತನೆಯದು ಮುಗಿದೊಡನೆ ನಾನು ಯಂತ್ರವನ್ನು ನಿಲ್ಲಿಸಿಬಿಡುತ್ತೇನೆ. ಅದನ್ನು ಬೇರೆ ದಿನ, ಅದಕ್ಕೆಂದೇ ಕುಳಿತು ಕೇಳುತ್ತೇನೆ.